ಜೀವಕೋಶ ತಳಿಗಳ ಮೂಲಶೋಧ: ಅನ್ಯಪ್ರಾಣಿ ಬೆರಕೆಯ ಪತ್ತೆಯ ಇತಿಹಾಸ

ದೇಹದಿಂದ ಬೇರ್ಪಡಿಸಿದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ತಲೆಮಾರುಗಳುದ್ದಕ್ಕೂ ಬೆಳೆಸುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಜೀವವಿಜ್ಞಾನಕ್ಕೆ ಹೊಸ ತಳಹದಿಯನ್ನು ಒದಗಿಸಿತು. 1940ರ ದಶಕದಲ್ಲಿ ಅಮೆರಿಕದಲ್ಲಿ ಇಲಿಯ ಅಂಗಾಂಶದಿಂದ ರೂಪುಗೊಂಡ ‘ಎಲ್’ ತಳಿ ಹಾಗೂ 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ, ಆಕೆಯ ಅರಿವಿಗೆ ಬಾರದಂತೆ ಪಡೆದ ‘ಹೀಲಾ’ ತಳಿ ಇವುಗಳಲ್ಲಿ ಮುಖ್ಯವಾದವು. ತಳಿಯ ಸೀಸೆಯು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸಾಗುವಾಗ ಅದರ ಮೂಲವನ್ನು ಸಾರುವ ಹೆಸರೂ ಜೊತೆಗೆ ಸಾಗುತ್ತಿತ್ತು. ಆ ಹೆಸರನ್ನು ಪರೀಕ್ಷಿಸಿ ನೋಡುವ ರೂಢಿ ಆರಂಭದಲ್ಲಿ ಇರಲಿಲ್ಲ.

ಬೆರಕೆಯ ಬಗೆ ಸರಳವಾದುದು. ಒಂದೇ ಪಿಪೆಟ್ಟನ್ನೋ ಪೋಷಕದ್ರವದ ಒಂದೇ ಬಾಟಲಿಯನ್ನೋ ಎರಡು ತಳಿಗಳಿಗೆ ಬಳಸಿದಾಗ ಕೆಲವು ಕೋಶಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಶೀಘ್ರವಾಗಿ ಬೆಳೆಯುವ ತಳಿಯು ನಿಧಾನವಾಗಿ ಬೆಳೆಯುವುದನ್ನು ಕ್ರಮೇಣ ಅಳಿಸಿಹಾಕುತ್ತದೆ. ಅಳಿದುದರ ಹೆಸರು ಮಾತ್ರ ಸೀಸೆಯ ಮೇಲೆ ಉಳಿಯುತ್ತದೆ. ಸಾಧು ಕೋಶಗಳು ತಾವಾಗಿಯೇ ಚುರುಕಾಗಿ ಬೆಳೆಯತೊಡಗಿದುದನ್ನು ಕಂಡ ಸಂಶೋಧಕರು ಅದನ್ನು ಕೋಶಗಳ ‘ಪರಿವರ್ತನೆ’ ಎಂದು ವ್ಯಾಖ್ಯಾನಿಸಿದರು. ಕ್ಯಾನ್ಸರಿನ ಉಗಮದ ಕುರಿತ ಚಿಂತನೆಗೂ ಇದು ಆಧಾರವಾಯಿತು.

ಮಾನವನ ವರ್ಣತಂತುಗಳ ಸಂಖ್ಯೆ 46 ಎಂಬುದು 1956ರಲ್ಲಿ ಸ್ಥಿರಪಟ್ಟಿತು. ಇಲಿಯದು 40, ಅವುಗಳ ಆಕಾರವೂ ಭಿನ್ನ. ಈ ಅರಿವಿನ ಬಲದಿಂದ ಕ್ಲಾಸ್ ರಾಥ್‌ಫೆಲ್ಸ್ ಮತ್ತು ಸಂಗಡಿಗರು 1959ರಲ್ಲಿ, ಮಂಗನ ಕೋಶಗಳು ಪರಿವರ್ತನೆಗೊಂಡು ಹುಟ್ಟಿದವೆಂದು ನಂಬಲಾಗಿದ್ದ ತಳಿಯು ವಾಸ್ತವವಾಗಿ ಇಲಿಯದೆಂದು ತೋರಿಸಿದರು. ನಡೆದುದು ಪರಿವರ್ತನೆಯಲ್ಲ, ಪಲ್ಲಟ. ಅನಂತರ ಆಯಾ ಪ್ರಾಣಿಯ ಕೋಶಗಳಿಗೆ ಮಾತ್ರ ಅಂಟಿ ಬೆಳಗುವ ಪ್ರತಿಕಾಯಗಳ ವಿಧಾನವೂ ಬಳಕೆಗೆ ಬಂದಿತು.

ಈ ವಿಧಾನಗಳು ಪ್ರಾಣಿಭೇದವನ್ನು ಗುರುತಿಸಿದವೇ ಹೊರತು ಒಬ್ಬ ವ್ಯಕ್ತಿಯ ಕೋಶವನ್ನು ಇನ್ನೊಬ್ಬರದರಿಂದ ಬೇರ್ಪಡಿಸಲಿಲ್ಲ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಅವರು ಭಿನ್ನ ಮೂಲದವೆಂದು ಹೆಸರಾಗಿದ್ದ 18 ಮಾನವ ತಳಿಗಳಲ್ಲಿ ಹೀಲಾದಲ್ಲಿರುವ ಕಿಣ್ವರೂಪವನ್ನೇ ಕಂಡರು. ಆ ರೂಪವು ಆಫ್ರಿಕನ್ ಮೂಲದವರಲ್ಲಿ ಮುಖ್ಯವಾಗಿ ದೊರೆಯುವಂಥದು. ವರ್ಷಗಳ ಶ್ರಮ ವ್ಯರ್ಥವಾಗುವ ಭೀತಿಯಿಂದ ಅನೇಕರು ಈ ನಿಷ್ಕರ್ಷೆಯನ್ನು ಸುಲಭವಾಗಿ ಒಪ್ಪಲಿಲ್ಲ.

ಇಂದು ಮಾನವ ತಳಿಗಳಿಗೆ ಡಿಎನ್‌ಎ ಗುರುತಿನ ಪರೀಕ್ಷೆ ಲಭ್ಯವಿದೆ. ಆದರೆ ಅದು ಮಾನವ ಡಿಎನ್‌ಎಯನ್ನಷ್ಟೇ ಅರಸುವುದರಿಂದ ಅದರ ಜೊತೆ ಬೆರೆತ ಇಲಿಯ ಕೋಶಗಳು ಕಣ್ತಪ್ಪಬಹುದು. ಆದುದರಿಂದ ಮೈಟೊಕಾಂಡ್ರಿಯದ ವಂಶವಾಹಿಯಿಂದ ಪ್ರಾಣಿಭೇದವನ್ನು ಪ್ರತ್ಯೇಕವಾಗಿ ನಿರ್ಣಯಿಸಲಾಗುತ್ತದೆ. ಹೆಸರು ಪರಂಪರೆಯಿಂದ ಬಂದ ಹೇಳಿಕೆ. ಅದನ್ನು ಪುರಾವೆಯೆಂದು ಭಾವಿಸಿದಲ್ಲೆಲ್ಲ ಬೆರಕೆಗೆ ದೀರ್ಘಾಯುಷ್ಯ ದೊರೆತಿದೆ ಎಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.