ಎಡೆದೊರೆ ನಾಡಿನ ಒಡ್ಡು ಮತ್ತು ವರತಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಶಾಸನಗಳು ಎಡೆದೊರೆ ಎಂದು ಕರೆದಿವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ನಾಡಿನ ಒಡಲಲ್ಲಿವೆ. ಎರಡು ಹೊಳೆಗಳು ಹರಿದರೂ ಅವುಗಳ ನೀರು ಎತ್ತರದ ಹೊಲಗಳನ್ನು ಮುಟ್ಟುತ್ತಿರಲಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸುರಿದು ಹಳ್ಳ ಸೇರುವಂಥದು. ಆದುದರಿಂದ ಇಲ್ಲಿಯ ಒಕ್ಕಲುತನದ ಚರಿತ್ರೆಯು ಓಡುವ ನೀರನ್ನು ತಡೆದು ನಿಲ್ಲಿಸಿಕೊಂಡವರ ಚರಿತ್ರೆಯೂ ಆಗಿದೆ.

1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಶಾಸನವು ಅಶೋಕನ ಹೆಸರನ್ನು ಸ್ಪಷ್ಟಪಡಿಸಿತು. ಮುದಗಲ್ಲಿನ ಕೋಟೆ ಕಂದಕಗಳು ಅರಸರ ಕಾಳಗಗಳನ್ನು ನೆನಪಿಸುತ್ತವೆ. ಹೊಲಕ್ಕೆ ಒಡ್ಡು ಹಾಕಿದ ಒಕ್ಕಲಿಗನ ತಿಳಿವಳಿಕೆಯಾದರೋ ಮಾತಿನಲ್ಲಿ, ಕೈಕೆಲಸದಲ್ಲಿ ಉಳಿದುಬಂದಿದೆ.

ಎರೆಭೂಮಿಯ ಇಳಿಜಾರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಂಡೇ ಒಡ್ಡು. ಅದರ ಒಂದು ಬದಿಗೆ ಕಲ್ಲು ಜೋಡಿಸಿದ ಕೋಡಿ. ಹೆಚ್ಚಾದ ನೀರು ಮಣ್ಣನ್ನು ಕೊಚ್ಚದೆ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು ನೀರು ಕುಡಿಸಿ, ಉತ್ತರಿ–ಹತ್ತಿ ಮಳೆಗಳಲ್ಲಿ ಬಿಳಿಜೋಳ, ಕಡಲೆ ಬಿತ್ತುವರು. ಮಣ್ಣಿನ ಹಸಿಯಲ್ಲಿಯೇ ಬೆಳೆ ಮಾಗುವುದು. ಮೇಲಿನ ಹೊಲದವನ ಕೋಡಿ ಒಡೆದರೆ ಕೆಳಗಿನವನ ಬೆಳೆ ಹೋಗುವುದರಿಂದ ಒಡ್ಡಿನ ಕಾಳಜಿಯು ನೆರೆಹೊರೆಯ ಹೊಣೆಯೂ ಆಗಿದ್ದಿತು. ಮಸಾರಿ ನೆಲದಲ್ಲಿ ಕೆರೆ ಕಟ್ಟೆಗಳ ನೀರು ಇಂಗಿ ಕೆಳಗಿನ ಬಾವಿಗಳಿಗೆ ಒದಗುತ್ತಿತ್ತು. ಬೇಸಿಗೆಯಲ್ಲಿ ಹಳ್ಳದ ಉಸುಕು ತೋಡಿದರೆ ಒಸರುವ ನೀರೇ ವರತಿ. ಅದನ್ನು ಬಟ್ಟಲಿನಿಂದ ಮೊಗೆದು ಕೊಡ ತುಂಬಿಸುವ ದುಡಿಮೆ ಬಹುಮಟ್ಟಿಗೆ ಹೆಂಗಸರದಾಗಿತ್ತು. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿ ಬಲಿಯಾಗುವಳು. ನೀರಿನ ಬೆಲೆಯನ್ನು ಯಾರು ತೆತ್ತರೆಂಬುದನ್ನು ಜನಪದರು ಮರೆಮಾಚಲಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯಿತು. ಮುಂದೆ ಎಡದಂಡೆ ಕಾಲುವೆಯ ಸಿಂಧನೂರು ಸೀಮೆ ಬತ್ತದ ನಾಡಾಯಿತು. ಅನ್ನದ ಜೊತೆಗೆ ಸವಳು–ಜವಳು ಬಂದವು. ಗದ್ದೆ ಸಮಮಾಡುವಾಗ ಹಳೆಯ ಒಡ್ಡುಗಳು ಅಳಿದವು. ಕಾಲುವೆ ಮುಟ್ಟದ ಮಸ್ಕಿ ಭಾಗದ ರೈತರು 2020ರಲ್ಲಿ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ಧರಣಿ ಕುಳಿತರು. ಅವರ ಬೇಡಿಕೆ ನ್ಯಾಯವಾದುದು. ಆದರೆ 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ದೂರದ ನೀರನ್ನೇ ನಂಬಿದ ಸೀಮೆಯ ಆತಂಕವೂ ಪ್ರಕಟವಾಯಿತು.

ಒಡ್ಡು ಕಾಲುವೆಗೆ ಬದಲಿಯಲ್ಲ. ತನ್ನ ಹೊಲದಲ್ಲಿ ಬಿದ್ದ ಮಳೆಯನ್ನು ಮೊದಲು ಹಿಡಿದಿಡುವ ಕ್ರಮವದು. ಒಡ್ಡು, ಕೋಡಿ, ವರತಿ ಎಂಬ ಮಾತುಗಳನ್ನು ಬಲ್ಲ ಹಿರಿಯರು ಇರುವಾಗಲೇ, ಆ ಮಾತುಗಳೊಡನೆ ಕೆಲಸದ ಕ್ರಮವನ್ನೂ ದಾಖಲಿಸುವುದು ಜಾನಪದ ಅಧ್ಯಯನದ ಕರ್ತವ್ಯವಾಗಿದೆ.