ನಟ ಭಯಂಕರ ವಜ್ರಮುನಿ (1944–2006)

ಕನ್ನಡ ಚಿತ್ರರಂಗದ ಹೆಸರಾಂತ ಖಳನಟ. ಊರು ಬೆಂಗಳೂರು, ಮೊದಲ ಹೆಸರು ಸದಾನಂದ ಸಾಗರ. ಬಂದದ್ದು ರಂಗಭೂಮಿಯಿಂದ. ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಮೆರೆದವರು ನಿರ್ದೇಶಕ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ದಿಂದ (1969) ತೆರೆಯಲ್ಲಿ ಹೆಸರಾದರು.

‘ಸಂಪತ್ತಿಗೆ ಸವಾಲ್’ (1974), ‘ಮಯೂರ’ (1975), ‘ಪ್ರೇಮದ ಕಾಣಿಕೆ’ (1976) ಚಿತ್ರಗಳಲ್ಲಿ ನಾಯಕನಟ ರಾಜಕುಮಾರರಿಗೆ ಎದುರಾಳಿ. ಮೊದಲನೆಯದರ ಸಾಹುಕಾರ ಸಿದ್ದಪ್ಪನನ್ನು ಹಳ್ಳಿಯ ಪ್ರೇಕ್ಷಕರು ನಿಜವಾಗಿಯೇ ಶಪಿಸುವಂತಿತ್ತು ಆ ಅಭಿನಯ.

ಹಾಲಿವುಡ್‌ನ ಕೌಬಾಯ್ ಚಿತ್ರಗಳ ಕನ್ನಡ ನೆಂಟನೆನ್ನಬಹುದಾದ, ನಿಧಿಯ ಬೆನ್ನುಹತ್ತುವ ‘ಗಂಡಭೇರುಂಡ’ (1984) ಅವರದೇ ನಿರ್ಮಾಣ. ನಿರ್ದೇಶನ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರದು. ಹಿಂದಿಯ ಖಳನಟ ಅಮರೀಶ್ ಪುರಿ ಕೂಡ ಇದರಲ್ಲಿದ್ದಾರೆ.

ಗಮನಿಸಿ: ವಜ್ರಮುನಿಯವರ ಅರಳಿಸಿದ ಕಣ್ಣು, ಮೇಲೇರಿದ ಹುಬ್ಬು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣಬೇಕೆಂಬ ನಾಟಕದ ವರಸೆಯಿದು. ಕ್ಯಾಮೆರಾ ಹತ್ತಿರ ಬಂದಾಗಲೂ ಅವರು ಅದನ್ನು ಬಿಡಲಿಲ್ಲ.