ನೋಟಿಸ್ ವಾಪಸ್ ಕಳಿಸಿದ್ರೆ

"ತಗೋಬ್ಯಾಡ, ವಾಪಸ್ ಕಳಿಸು." ಸೇಡಂ, ವಾಡಿ ಕಡೆ ಮಗಳಿಗೆ ವಿಚ್ಛೇದನದ ನೋಟಿಸ್ ಬಂದ್ರೆ ಎಷ್ಟೋ ಮನೆಯಲ್ಲಿ ಮೊದಲ ಮಾತು ಇದೇ. ಕಾಗದ ಹಿಂದೆ ಹೋದ್ರೂ ಕೇಸ್ ನಿಲ್ಲಲ್ಲ. ಕೋರ್ಟಿಗೆ ಹೋಗದಿದ್ರೆ ಏಕಪಕ್ಷೀಯ ತೀರ್ಪು ಆಗಬಹುದು.

1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದಾಗ ನಮ್ಮ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಾಗಿತ್ತು. ಅದರ 26ನೇ ಕಲಂ ಆಗಲೇ ಮಕ್ಕಳ ಪಾಲನೆ, ಖರ್ಚು, ಓದಿನ ಬಗ್ಗೆ ಆದೇಶ ಮಾಡೋ ಅಧಿಕಾರ ಕೋರ್ಟಿಗೆ ಕೊಟ್ಟಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಅದೇ ವರ್ಷದ ಪೋಷಕತ್ವ ಕಾಯ್ದೆ, ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತು.

ಕೇಸ್ ಮುಗಿಯೋತನಕ ಮಕ್ಕಳ ಹೊಟ್ಟೆಗೆ? 2001ರ ತಿದ್ದುಪಡಿ ಪ್ರಕಾರ, ಮಕ್ಕಳ ಖರ್ಚಿನ ಅರ್ಜಿ ಎದುರಿನವರಿಗೆ ನೋಟಿಸ್ ಮುಟ್ಟಿದ 60 ದಿನದಾಗ, ಸಾಧ್ಯವಾದಷ್ಟು, ಇತ್ಯರ್ಥ ಆಗಬೇಕು. ಆದ್ರೆ ಆ ಅರ್ಜಿ ಯಾರಾದ್ರೂ ಹಾಕಬೇಕಲ್ಲ!